ಪೇಟೆ ಏರುವ ತನಕ ಮೊಣಕಾಲು

ಅಲ್ಲ, ಆಟೋ ಹೋದಾಗ ದೊಡ್ಡಮ್ಮ ಗೇಟಿನ ಹತ್ತಿರ ನಿಂತಿರಲಿಲ್ಲವೋ ಏನೋ. ನನ್ನ ನೆನಪಿನ ಪ್ರಕಾರ ನಿಂತಿದ್ದಳು: ಬೋಳಾರದ ಅವಳ ಮನೆ, ಬೂತಾಯಿ ಮೀನು ಶುಚಿ ಮಾಡುತ್ತಿದ್ದ ಕೈಯನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದಿದ್ದಳು, ಚುನಾವಣಾ ಪ್ರಚಾರದ ಆಟೋ ನಿಧಾನಕ್ಕೆ ಓಣಿಗೆ ತಿರುಗುತ್ತಿತ್ತು, ಅದರ ಮೈಕು ನನ್ನ ವಾಕ್ಯವನ್ನು ಕೂಗುತ್ತಿತ್ತು. ಆದರೆ ಈ ಚಿತ್ರದಲ್ಲಿ ನಾನು ಎಲ್ಲಿದ್ದೇನೆ? ಗೇಟಿನ ಒಳಗೋ ಹೊರಗೋ? ಕಾಣುವುದಿಲ್ಲ. ನನಗೊಂದು ಸಾಕ್ಷಿ ಬೇಕಿತ್ತು, ಹಾಗಾಗಿ ನಾನೇ ಅವಳನ್ನು ತಂದು ಅಲ್ಲಿ ನಿಲ್ಲಿಸಿರಬಹುದು.

ವಾಕ್ಯ ಮಾತ್ರ ಖಂಡಿತ ನನ್ನದೇ. "ನಿಮ್ಮ ಷೇರು, ನಿಮ್ಮ ಫಂಡು ಏರಿದ್ದು ಯಾರಿಂದ? ನಮ್ಮ ನಾಯಕರಿಂದ!" ಕೊಟ್ಟಾರದ ಒಂದು ಸಣ್ಣ ಜಾಹೀರಾತು ಕಚೇರಿಯಲ್ಲಿ ಆಗ ನನಗೆ ಬರೆಯುವ ಕೆಲಸ. ಅದನ್ನು ಬರೆದು ಮುಗಿಸಿ ಯಜಮಾನರಲ್ಲಿ ಕೇಳಿದ್ದೆ, "ನಾಳೆ ಇಳಿದ್ರೆ ಎಂತ ಹೇಳುವುದು?"

"ಏರಿದ್ರೆ ನಾಯಕರು, ಇಳಿದ್ರೆ ಅಮೆರಿಕ. ಇದರಲ್ಲಿ ಎಂತ ಕಷ್ಟ ಉಂಟು ಮಾರಾಯ್ತಿ?"

ನಾನೂ ನಕ್ಕಿದ್ದೆ. ಬಡ್ಡಿದರ, ಮಳೆ, ತೈಲದ ಬೆಲೆ, ಎಲ್ಲಿಯದೋ ಯುದ್ಧ, ತಿಂಗಳು ತಿಂಗಳೂ ಸಂಬಳದಲ್ಲಿ ಫಂಡಿಗೆ ಕಂತು ಕಟ್ಟುವ ಜನ, ಇವೆಲ್ಲ ಸೇರಿ ಷೇರುಪೇಟೆ ಏರುತ್ತದೆ ಎಂಬಷ್ಟು ಗೊತ್ತಿತ್ತು. ಸರಕಾರದ ಪಾಲೂ ಇರಬಹುದು. ಎಷ್ಟೆಂದು ಹೇಳಬಲ್ಲವರು ನಮ್ಮ ಕಚೇರಿಯಲ್ಲಂತೂ ಇರಲಿಲ್ಲ. ಆದರೆ 'ಎಷ್ಟೆಂದು ಗೊತ್ತಿಲ್ಲ' ಎಂದು ಮೈಕಿನಲ್ಲಿ ಕೂಗಿಸಲಾಗುವುದಿಲ್ಲ.

ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಜೆಪ್ಪುವಿನ ತನ್ನ ಹೋಟೆಲು ಮಾರಿ ಬಂದ ಹಣವನ್ನು ಮ್ಯೂಚುವಲ್ ಫಂಡಿಗೆ ಹಾಕಿದ್ದು ಆ ಚುನಾವಣೆ ಮುಗಿದ ಮೇಲೆ. ಸ್ವಲ್ಪ ಕಾಲ ಏರಿತು. ಟಿವಿಯಲ್ಲಿ ನಾಯಕರ ಮುಖ ಕಂಡರೆ "ಪುಣ್ಯಾತ್ಮ" ಎನ್ನುತ್ತಿದ್ದಳು. ಈಗ ಕೆಲವು ತಿಂಗಳಿಂದ ಇಳಿಯುತ್ತಿದೆ. ಅವಳ ಬಲ ಮೊಣಕಾಲು ಸವೆದಿದೆ, ಆಪರೇಷನ್ ಮಾಡಲೇಬೇಕೆಂದು ಡಾಕ್ಟರು ಹೇಳಿಯಾಗಿದೆ. ಫಂಡು ಮಾರಿದರೆ ಖರ್ಚಿಗೆ ಸಾಕು. ಅವಳು ಮಾರುವುದಿಲ್ಲ.

"ನಾಯಕರು ಇದ್ದಾರಲ್ಲ, ಮೇಲೆ ತರ್ತಾರೆ. ಆಪರೇಷನ್ ಆಮೇಲೆ ಮಾಡಿಸ್ತೇನೆ."

ಕಳೆದ ಭಾನುವಾರ ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಬರುವುದನ್ನು ನೋಡಲಾಗದೆ ಹೇಳಿಬಿಟ್ಟೆ. "ದೊಡ್ಡಮ್ಮ, ಅವರು ಏರಿಸಿದ್ದು ಅಂತ ಮೈಕಿನಲ್ಲಿ ಹೇಳಿದ್ರಲ್ಲ, ಅದು ನಾನು ಬರೆದದ್ದು. ನಾನೇ ನಂಬದೆ ಬರೆದದ್ದು."

ಅವಳು ಕುರ್ಚಿಗೆ ಒರಗಿ ನಕ್ಕಳು. "ನೀನಾ? ಹಾಗಾದ್ರೆ ಇನ್ನೊಮ್ಮೆ ಬರಿ ಮಾರಾಯ್ತಿ, ಏರ್ಲಿ!"

"ತಮಾಷೆ ಅಲ್ಲ."

"ನಿನ್ನ ಮೈಕ್ ಯಾರು ಕೇಳಿದ್ದು? ನಾನು ಮಿಕ್ಸಿಯಲ್ಲಿ ಮಸಾಲೆ ಅರೀತಾ ಇದ್ದೆ. ಫಂಡಿಗೆ ಹಾಕ್ಲಿಕ್ಕೆ ಹೇಳಿದ್ದು ಪಕ್ಕದ ಮನೆಯವಳು. ನಿನಗೆ ಭಾರೀ ದೊಡ್ಡಸ್ತಿಕೆ!"

ಅವಳು ಹೇಳಿದ್ದೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅವಳನ್ನು ನಾನು ಸ್ವಲ್ಪ ಮೆತ್ತಗೆ ಮಾಡಿದ್ದೇನೆ.

ದೊಡ್ಡಸ್ತಿಕೆ ಎಂದದ್ದು ಚುಚ್ಚಿತು. ಏರಿದ್ದೆಲ್ಲ ತನ್ನಿಂದ ಎನ್ನುವ ನಾಯಕರಿಗೂ ಅವಳು ಕುಂಟುವುದು ನನ್ನಿಂದ ಎನ್ನುವ ನನಗೂ ವ್ಯತ್ಯಾಸ ಎಷ್ಟು? ಹಾಗೆಂದುಕೊಂಡರೂ ಮನಸ್ಸು ಹಗುರಾಗಲಿಲ್ಲ. ಮೈಕು ಕೇಳದವಳು ಪೇಟೆಯನ್ನು ಮೇಲೆ ತರುವವರು ಅವರೇ ಎಂದು ಎಲ್ಲಿಂದ ಕಲಿತಳು? ಇನ್ನೊಂದು ಓಣಿಯಲ್ಲಿ ನನ್ನ ವಾಕ್ಯ ಕೇಳಿದ ಇನ್ಯಾರಿಂದಲೋ?

"ಅರ್ಧವಾದರೂ ಮಾರು, ಆಪರೇಷನ್ ಆಗ್ಲಿ," ಎಂದೆ.

"ನಿನ್ನ ಮಾತು ಕೇಳಿ ಮಾರಿ, ನಾಳೆ ಏರಿದ್ರೆ?"

 

ಡಾಕ್ಟರಿಗೆ ಅವಳು ಇನ್ನೂ ಆಪರೇಷನ್ನಿನ ದಿನ ತಿಳಿಸಿಲ್ಲ. ಆ ವರ್ಷ ಪೇಟೆ ಯಾಕೆ ಏರಿತೆಂದಾಗಲಿ, ಈಗ ಯಾಕೆ ಇಳಿಯುತ್ತಿದೆಯೆಂದಾಗಲಿ ನನಗೆ ಗೊತ್ತಿಲ್ಲ. ಮಿಕ್ಸಿಯ ಮಾತು ನಿಜವೋ, ನನ್ನನ್ನು ಸಮಾಧಾನ ಮಾಡಲು ಅವಳು ಕಟ್ಟಿದ್ದೋ, ಅದೂ ಗೊತ್ತಿಲ್ಲ.