ಮಾವನಿಗೆ ಲೀಟರ್ ಡಬ್ಬವೇ ಯಾಕೆ ಬೇಕಿತ್ತು?

"ಇದ್ರಲ್ಲಿ ಏನೂ ಮಿಗಲ್ವಲ್ಲಮ್ಮ!"

ನಾನು ತಂದ ಎಂಜಿನ್ ಆಯಿಲ್ ಡಬ್ಬ ನೋಡಿ ಮಾವನ ಮುಖ ಸಪ್ಪಗಾಯಿತು. ಬೈಕಿನ ಆಯಿಲ್ ಅವರು ಅಂಗಳದಲ್ಲಿ ಕೂತು ತಾವೇ ಬದಲಾಯಿಸುತ್ತಾರೆ. ಗಾಡಿಗೆ ಹಿಡಿಸುವುದು ಒಂಬೈನೂರು ಎಂಎಲ್, ಅವರು ತರುತ್ತಿದ್ದುದು ಮಾತ್ರ ಯಾವಾಗಲೂ ಲೀಟರ್ ಡಬ್ಬ. ಈ ಸಲ ದಾಬಸ್‌ಪೇಟೆಯಲ್ಲಿ ಕೆಲಸ ಮುಗಿಸಿ ಬರುವಾಗ ನಾನೇ ಅಳತೆಗೆ ಸರಿಯಾದದ್ದನ್ನು ತಂದು, ಜಾಣೆ ಅನ್ನಿಸಿಕೊಳ್ಳಲು ಕಾದು ನಿಂತಿದ್ದೆ.

"ಮಿಕ್ಕಿದ್ದು ಯಾಕೆ ಮಾವ ನಿಮಗೆ?"

"ಗೇಟಿನ ಕೀಲುಗಳಿಗೆ ಬಿಡ್ತೀನಿ ಕಣಮ್ಮ. ಬೆಳಗ್ಗೆ ನೀನು ಫ್ಯಾಕ್ಟರಿಗೆ ಹೊರಡುವಾಗ ಅದು ಕಿರ್ ಅಂದ್ರೆ ಮಗು ಎದ್ದು ಅಳುತ್ತೆ. ಅದು ಅತ್ರೆ ನಿನಗೆ ಹೋಗೋಕೆ ಕಾಲೇ ಬರಲ್ಲ."

"ಬೈಕಿಂದ ಇಳಿಸಿದ ಹಳೇ ಆಯಿಲ್ ಬಿಟ್ರೆ ಆಗಲ್ವಾ?"

"ಅದು ಮಸಿ ಥರ ಇರುತ್ತೆ. ನಿನ್ನ ಯೂನಿಫಾರಂಗೆ ತಾಕಿದ್ರೆ ಕರೆ ಹೋಗಲ್ಲ."

ತಂದಿದ್ದನ್ನು ಅಂಗಡಿಗೆ ವಾಪಸ್ ಕೊಟ್ಟು ಲೀಟರ್ ಡಬ್ಬ ತಂದೆ. ಇಷ್ಟು ದಿನ ನಾನು, ನಮ್ಮ ಗೇಟು ಸದ್ದೇ ಮಾಡುವುದಿಲ್ಲ ಎಂದು ಅದನ್ನು ಮಾಡಿಕೊಟ್ಟ ವೆಲ್ಡಿಂಗ್ ಅಂಗಡಿಯವರನ್ನು ಬಂದವರೆದುರೆಲ್ಲ ಹೊಗಳುತ್ತಿದ್ದೆ. ಆಗೆಲ್ಲ ಮಾವನೂ ಪಕ್ಕದಲ್ಲೇ ನಿಂತು, ಹೌದೌದು ಎಂದು ತಲೆಯಾಡಿಸುತ್ತಿದ್ದರು.