ಹದಿನಾರನೆಯ ಸೆಲ್

ವೈಂಡಿಂಗ್ ಮಾವನ ಅಂಗಡಿಯ ಗೋಡೆ ಸುಣ್ಣ ಕಂಡು ಮೂವತ್ತು ವರ್ಷಗಳಾಗಿವೆ. ಬಳಿಯಲು ಅವರೇ ಬಿಡುವುದಿಲ್ಲ. ಗೋಡೆಯ ತುಂಬ ಪೆನ್ಸಿಲ್ಲಿನ ಅಂಕಿಗಳು: ಇಂಥ ನೀರಿನ ಪಂಪಿಗೆ ಇಷ್ಟು ಸುತ್ತು, ಇಂಥ ಹಿಟ್ಟಿನ ಗಿರಣಿಯ ಮೋಟಾರಿಗೆ ಇಷ್ಟು, ತಂತಿಯ ಗೇಜ್ ಇದು. ಸುಟ್ಟ ಮೋಟಾರು ಬಂದರೆ ಒಳಗಿನ ತಾಮ್ರದ ತಂತಿಯನ್ನು ಕಿತ್ತೆಸೆಯುವ ಮೊದಲು ಅದರ ಒಂದೊಂದು ಸುತ್ತನ್ನೂ ಬೆರಳಿನಿಂದ ಸರಿಸಿ ಎಣಿಸಿ, ಗೋಡೆಗೆ ಏರಿಸಿ, ಆಮೇಲೆ ಹೊಸ ತಂತಿ ಸುತ್ತುವುದು ಅವರ ಪದ್ಧತಿ. ಹೊರಗಿನಿಂದ ನೋಡಿ ತೀರ್ಪು ಹೇಳುವವರನ್ನು ಕಂಡರೆ ಅವರಿಗೆ ಆಗದು. “ಬಿಚ್ಚದೆ ರೋಗ ಹೇಳೋನು ಮೆಕ್ಯಾನಿಕ್ ಅಲ್ಲ, ಜ್ಯೋತಿಷಿ” ಎನ್ನುತ್ತಾರೆ.

ನಮ್ಮ ಮನೆಯ ಪಂಪು ವರ್ಷಕ್ಕೊಮ್ಮೆಯಾದರೂ ಸುಟ್ಟುಕೊಳ್ಳುವ ಚಾಳಿಯದಾದ್ದರಿಂದ ಆ ಅಂಗಡಿಯ ಬೆಂಚು ನನಗೆ ಹಳೆಯ ಪರಿಚಯ. ಅಲ್ಲಿ ಕುಳಿತು ಒಮ್ಮೆ ನಾನೇ ಅವರಿಗೆ ಹೇಳಿದ್ದೆ: “ಮಾವ, ಎಂಜಿನ್ನಿನ ಕಾಲ ಮುಗೀತಾ ಬಂತು. ಇನ್ನು ರಸ್ತೇಲಿ ಓಡೋದೆಲ್ಲ ಮೋಟಾರೇ. ನಿಮ್ಮ ಕಾಲ ಬರ್ತಿದೆ.”

ಗ್ರಾಫುಗಳಲ್ಲಿ ಮೇಲಕ್ಕೇರುವ ರೇಖೆಗಳನ್ನು ಕಂಡ ಕೂಡಲೇ ನಂಬುವ ಜಾಯಮಾನ ನನ್ನದಲ್ಲ. ಆದರೆ ವಿದ್ಯುತ್ ವಾಹನಗಳ ಬಗ್ಗೆ ಆಗ ನಾನು ಓದಿದ ಬರಹಗಳಲ್ಲಿ ಎಲ್ಲ ರೇಖೆಗಳೂ ಒಂದೇ ದಿಕ್ಕಿಗೆ ಏರುತ್ತಿದ್ದವು. ನಮ್ಮಂಥ ನಾಡುಗಳಲ್ಲಿ ಈ ಬದಲಾವಣೆ ಮೂರು ಚಕ್ರದ ಗಾಡಿಗಳಿಂದಲೇ ಶುರುವಾಗುವುದೆಂಬ ವಾದವೂ ತರ್ಕಬದ್ಧವಾಗಿತ್ತು. ಮಾವ ವಾರ್ನಿಷ್ ಹಚ್ಚುವ ಕುಂಚವನ್ನು ಡಬ್ಬದ ಅಂಚಿಗೆ ಒರೆಸುತ್ತ, “ಬರ್ಲಿ ಬಿಡಪ್ಪ, ಬೆಂಚು ಹೇಗೂ ಖಾಲಿ ಇದೆ” ಎಂದಿದ್ದರು.

ನಕ್ಕು ಸುಮ್ಮನಾದರೆಂದು ನಾನು ತಿಳಿದಿದ್ದೆ. ಮಾವ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿದ್ದರು. ಗಂಡನನ್ನು ಕಳೆದುಕೊಂಡ ಮೇಲೆ ಅವನ ಹಳೆಯ ಡೀಸೆಲ್ ಗಾಡಿಯನ್ನೇ ಓಡಿಸಿಕೊಂಡಿದ್ದ ಅವರ ತಂಗಿ, ಅದನ್ನು ಮಾರಿ ಮೂರು ಚಕ್ರದ ವಿದ್ಯುತ್ ಗಾಡಿ ಕೊಂಡದ್ದು ಅಣ್ಣನ ಮಾತಿನ ಮೇಲೆ. “ಕೆಟ್ರೆ ನಾನಿಲ್ವಾ?” ಎಂದಿದ್ದರಂತೆ ಮಾವ.

ಎರಡೂವರೆ ವರ್ಷ ಗಾಡಿ ಕೆಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ಗೇಟು ಮುಚ್ಚುವ ಬಟ್ಟೆ ಕಾರ್ಖಾನೆಗೆ ಐವರು ಹೆಂಗಸರನ್ನು ಕರೆದೊಯ್ದು ಸಂಜೆ ಮನೆ ಸೇರಿಸುವುದು ತಂಗಿಯ ಖಾಯಂ ಕೆಲಸವಾಯಿತು. ಕಾರ್ಖಾನೆಯ ಮೇಸ್ತ್ರಿ ಆ ದಾರಿಯನ್ನು ಅವಳಿಗೆ ಒಪ್ಪಿಸಿದ್ದಕ್ಕೆ ಕಾರಣ, ಅಂಗಿಗಳಿಗೆ ಕಾಲರು ಹೊಲಿಯುತ್ತಿದ್ದ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಕಾಲರ್ ಅಕ್ಕ ಎನ್ನುತ್ತಿದ್ದರು. ಡೀಸೆಲ್ ಹೊಗೆ ತಾಗಿದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಬೆಳಗಿನ ಮೊದಲ ಗಂಟೆ ಅವಳು ಹೊಲಿದ ಕಾಲರುಗಳೆಲ್ಲ ಸೊಟ್ಟ. “ಈ ಗಾಡೀಲಿ ಕೂತ್ರೆ ಕೂತಿದೀನಿ ಅಂತಾನೇ ಗೊತ್ತಾಗಲ್ಲ ಕಣೆ, ಸತ್ತು ಸ್ವರ್ಗಕ್ಕೆ ಹೋಗ್ತಿದೀನೇನೋ ಅನ್ಸುತ್ತೆ” ಎಂದು ಅವಳು ತಂಗಿಯನ್ನು ನಗಿಸುತ್ತಿದ್ದಳು.

ಆಮೇಲೆ ಒಂದು ದಿನ, ಮೀಟರು ಇನ್ನೂ ಕಾಲು ಭಾಗ ಬಾಕಿಯಿದೆಯೆಂದು ತೋರಿಸುತ್ತಿದ್ದಾಗಲೇ, ಗಾಡಿ ಸೇತುವೆಯ ಏರಿನಲ್ಲಿ ನಿಂತುಬಿಟ್ಟಿತು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಐವರೂ ಇಳಿದು ತಳ್ಳಿದರು; ಕಾರ್ಖಾನೆಯ ಗೇಟು ಮುಚ್ಚಿತ್ತು. ಮೇಸ್ತ್ರಿ ಒಂದು ವಾರದ ಗಡುವು ಕೊಟ್ಟ. ಅಷ್ಟರೊಳಗೆ ಗಾಡಿ ಸರಿಹೋಗದಿದ್ದರೆ ಆ ದಾರಿ ಬೇರೆಯವರ ಡೀಸೆಲ್ ವ್ಯಾನಿಗೆ. ಅವಳಿಗಿದ್ದ ಖಾಯಂ ದುಡಿಮೆ ಅದೊಂದೇ.

ತಂಗಿ ಗಾಡಿಯನ್ನು ಅಣ್ಣನ ಅಂಗಡಿಯ ಮುಂದೆ ತಂದು ನಿಲ್ಲಿಸಿದಾಗ ನಾನು ಬೆಂಚಿನ ಮೇಲಿದ್ದೆ. ಮಾವನ ಮುಖದಲ್ಲಿ ಚಿಂತೆಗಿಂತ ಹೆಚ್ಚಾಗಿ ಕುತೂಹಲವಿತ್ತು. ಹಿಂದಿನ ಸೀಟು ಎತ್ತಿದರೆ ಅದರ ಕೆಳಗೆ ಬ್ಯಾಟರಿಯ ಕಬ್ಬಿಣದ ಪೆಟ್ಟಿಗೆ, ಮುಚ್ಚಳದ ಮೇಲೆ ತೆರೆಯಬಾರದೆಂಬ ಹಳದಿ ಚೀಟಿ.

“ಅಣ್ಣ, ತೆಗೀಬೇಡಿ ಅಂತ ಬರ್ದಿದಾರಲ್ಲ?”

“ಅದು ಗೊತ್ತಿಲ್ಲದೋರಿಗೆ ಬರ್ದಿರೋದು ಕಣಮ್ಮ. ಕರೆಂಟ್ ಕಂಬದ ಮೇಲೂ ಹತ್ಬೇಡಿ ಅಂತ ಬರ್ದಿರ್ತಾರೆ. ಲೈನ್‌ಮನ್ ಹತ್ತಲ್ವಾ?”

ಮೂವತ್ತು ವರ್ಷದ ಅಭ್ಯಾಸ ತಿರುಪುಳಿಯಾಗಿ ಅವರ ಕೈಯಲ್ಲಿತ್ತು. ನಾನೂ ತಡೆಯಲಿಲ್ಲ, ಒಳಗೆ ಏನಿದೆಯೆಂದು ನೋಡುವ ಆಸೆ ನನಗೂ ಇತ್ತು. ಎಂಟು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರು. ಆಗ ಚಿಟಿಕೆಯಷ್ಟು ಸಣ್ಣದೊಂದು ಶಬ್ದವಾಯಿತು. ಸ್ಕ್ರೂ ಬಿದ್ದಿರಬೇಕೆಂದುಕೊಂಡು ಇಬ್ಬರೂ ನೆಲ ಹುಡುಕಿದೆವು.

ಒಳಗೆ ಹದಿನಾರು ಸೆಲ್‌ಗಳು, ಒಂದರ ಹಿಂದೊಂದು ಜೋಡಿಸಿದಂತೆ. ಮಾವ ಎಲ್ಲವನ್ನೂ ಅಳೆದು ಗೋಡೆಗೆ ಏರಿಸಿದರು. ಹದಿನೈದರಲ್ಲೂ ಒಂದೇ ಅಂಕಿ. ಹದಿನಾರನೆಯದು ಮಾತ್ರ ಕೆಳಗಿತ್ತು. ಭಾರ ಬಿದ್ದೊಡನೆ ಆ ಒಂದು ಸೆಲ್ ಕುಸಿಯುತ್ತಿತ್ತು. ಅದನ್ನು ಕಂಡು, ಸೆಲ್‌ಗಳ ಕಾವಲಿಗೆಂದು ಪೆಟ್ಟಿಗೆಯಲ್ಲಿರುವ ಎಲೆಕ್ಟ್ರಾನಿಕ್ ಬೋರ್ಡು ಎಲ್ಲವನ್ನೂ ನಿಲ್ಲಿಸುತ್ತಿತ್ತು.

“ಹದಿನೈದು ಜನ ಗಟ್ಟಿ ಇದಾರೆ. ಒಬ್ಬನಿಗೆ ಸುಸ್ತು. ಅಷ್ಟೇ ಕಣೇ!” ಎಂದು ಮಾವ ತಂಗಿಯ ಬೆನ್ನು ತಟ್ಟಿದರು. ಅಷ್ಟು ಹಿಗ್ಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಆ ಅಳತೆಯ ಸೆಲ್ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಎರಡು ದಿನ ಗುಜರಿಗಳನ್ನು ಅಲೆದು, ಅಪಘಾತದಲ್ಲಿ ನಜ್ಜುಗುಜ್ಜಾದ ಅದೇ ಮಾದರಿಯ ಗಾಡಿಯಿಂದ ಒಂದನ್ನು ಬಿಡಿಸಿ ತಂದರು. ಅದನ್ನು ಒಂದು ಹಗಲೆಲ್ಲ ನಿಧಾನವಾಗಿ ಚಾರ್ಜು ಮಾಡಿ, ಉಳಿದ ಹದಿನೈದರ ಮಟ್ಟಕ್ಕೆ ತಂದು, ಜೋಡಿಸಿ, ಮುಚ್ಚಳ ಹಾಕಿದರು. ಹದಿನಾರೂ ಸಮ. ಭೌತಶಾಸ್ತ್ರದ ಯಾವ ಪರೀಕ್ಷಕ ಬಂದರೂ ಪೂರ್ತಿ ಅಂಕ ಕೊಡಲೇಬೇಕಾದ ಕೆಲಸ ಅದು.

ತಂಗಿ ಕೀಲಿ ತಿರುಗಿಸಿದಳು. ಮೀಟರಿನಲ್ಲಿ ಪುಟ್ಟದೊಂದು ಬೀಗದ ಚಿತ್ರ ಮೂಡಿತು. ಗಾಡಿ ಮಿಸುಕಲಿಲ್ಲ.

ಕೊಂಡ ಷೋರೂಮಿಗೆ ಹೋದರೆ ಅಲ್ಲೀಗ ಹಾಸಿಗೆಗಳ ಮಳಿಗೆ. “ಗಾಡಿಯವ್ರು ಹೋಗಿ ವರ್ಷ ಆಯ್ತು. ಮಲ್ಗೋದೇನಾದ್ರೂ ಇದ್ರೆ ಹೇಳಿ, ಒಳ್ಳೊಳ್ಳೆ ಮಾಲಿದೆ” ಎಂದನಂತೆ ಮಾಲೀಕ. ಕೊನೆಗೆ ಕಂಪನಿಯ ಫೋನ್ ನಂಬರು ನಾನು ಹುಡುಕಿ ಕೊಟ್ಟೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಮಾತಾಡಿದಳು. ಮಾವ ಫೋನನ್ನು ಬೆಂಚಿನ ಮೇಲಿಟ್ಟು ಸ್ಪೀಕರ್ ಹಾಕಿದ್ದರು.

“ಸರ್, ಮುಚ್ಚಳ ತೆಗೆದಿದ್ರಾ?”

“ತೆಗೀದೆ ಹೇಗಮ್ಮ ನೋಡೋದು?”

“ಅದ್ರಲ್ಲೊಂದು ಸ್ವಿಚ್ ಇರುತ್ತೆ ಸರ್. ತೆಗೆದ ತಕ್ಷಣ ಬೋರ್ಡ್ ಲಾಕ್ ಆಗುತ್ತೆ. ನಮ್ಮ ಟೆಕ್ನೀಷಿಯನ್ ಬಂದು ಕೋಡ್ ಹಾಕ್ಬೇಕು.”

ನಾವು ನೆಲದಲ್ಲಿ ಹುಡುಕಿದ್ದ ಆ ಸ್ಕ್ರೂ ಯಾವುದೆಂದು ಆಗ ತಿಳಿಯಿತು. ಮಾವ ನನ್ನ ಕಡೆ ನೋಡಿದರು, ಕೂಡಲೇ ಬೇರೆಡೆಗೆ ಮುಖ ತಿರುಗಿಸಿಕೊಂಡರು.

“ಕಳಿಸಿ ತಾಯಿ. ಓಡಾಟದ ಖರ್ಚು ಕೊಡ್ತೀವಿ.”

“ನಿಮ್ ಕಡೆ ಈಗ ಯಾರೂ ಇಲ್ಲ ಸರ್. ಆ ಮಾಡೆಲ್ಲೇ ನಿಲ್ಸಿಬಿಟ್ಟಿದಾರೆ.”

“ಹಾಗಾದ್ರೆ ಕೋಡ್ ಹೇಳಮ್ಮ, ನಾನೇ ಹಾಕ್ತೀನಿ.”

“ನಂಗೂ ಗೊತ್ತಿಲ್ಲ ಸರ್.” ಆ ಹುಡುಗಿಯ ದನಿಯಲ್ಲಿ ಸುಳ್ಳಿರಲಿಲ್ಲ. ಆಮೇಲೆ ಅಭ್ಯಾಸಬಲದಿಂದ ಕೇಳಿದಳು: “ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಸರ್?”

“ಬೇರೆ ಏನಿದೆ ತಾಯಿ ನನ್ ಹತ್ರ!” ಎಂದು ಮಾವ ಫೋನಿಟ್ಟರು.

ಗಡುವಿಗೆ ಎರಡು ದಿನ ಉಳಿದಿತ್ತು. ಮಧ್ಯಾಹ್ನ ತಂಗಿ ಊಟದ ಡಬ್ಬಿ ತಂದವಳು ಅದನ್ನು ಬಿಚ್ಚದೆ ಕೈಯಲ್ಲೇ ಹಿಡಿದು ನಿಂತಳು.

“ಅಣ್ಣ, ಬಸ್‌ಸ್ಟ್ಯಾಂಡಿನ ಬ್ಯಾಟರಿ ಅಂಗಡಿಯವ್ನು ಹೇಳ್ದ. ಆ ಬೋರ್ಡ್ ತೆಗೆದು ನೇರ ತಂತಿ ಕೊಟ್ರೆ ಹತ್ತೇ ನಿಮಿಷದ ಕೆಲ್ಸ ಅಂತೆ. ಹೌದಾ?”

“ಹೌದು.”

“ಮತ್ತೆ ನಿಂಗೆ ಗೊತ್ತಿತ್ತಾ?”

“ಮೊದಲ್ನೇ ದಿನದಿಂದ ಗೊತ್ತು.”

“ಗೊತ್ತಿದ್ದೂ ಕೈಕಟ್ಕೊಂಡು ಕೂತಿದೀಯಲ್ಲ!”

“ಕಾವಲಿಲ್ಲದಿದ್ರೆ ಒಂದಲ್ಲ ಒಂದಿನ ಚಾರ್ಜಿಗೆ ಹಾಕ್ದಾಗ ಯಾವ್ದೋ ಒಂದು ಸೆಲ್ ಮಿತಿ ಮೀರುತ್ತೆ ಕಣಮ್ಮ. ಬಿಸಿಯಾಗುತ್ತೆ, ಉಬ್ಬುತ್ತೆ, ಹತ್ತಿಕೊಂಡ್ರೂ ಹತ್ಕೊಂಡೀತು. ಸೀಟು ಎಲ್ಲಿದೆ ಹೇಳು?”

ಮಾವ ಗಾಡಿಯ ಹಿಂದಿನ ಸೀಟಿನತ್ತ ಬೆರಳು ತೋರಿಸಿದರು.

“ಕಾಲರ್ ಅಕ್ಕ ಕೂರೋದೇ ಅದ್ರ ಮೇಲೆ.”

“ಊರಲ್ಲಿ ಎಷ್ಟು ಗಾಡಿ ಹಾಗೇ ಓಡ್ತಿಲ್ಲ? ಎಲ್ಲಾ ಹೊತ್ಕೊಂಡು ಉರೀತಿದಾವಾ?” ಅವಳ ದನಿ ಏರಿತು. “ಕೆಟ್ರೆ ನಾನಿಲ್ವಾ ಅಂದೋನು ನೀನು. ನಾನೇನು ಕಂಪನಿ ನಂಬಿ ತಗೊಂಡ್ನಾ? ನಿನ್ನ ನಂಬಿ ತಗೊಂಡೆ. ನೀನು ಮಾಡ್ದಿದ್ರೆ ಬಿಡು, ನಾಳೆ ಅವನ ಹತ್ರಾನೇ ತಗೊಂಡು ಹೋಗ್ತೀನಿ.”

ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿ ಹೊರಟುಹೋದಳು.

ಅವಳ ಪ್ರಶ್ನೆಯಲ್ಲಿ ಗಣಿತವಿತ್ತು. ಹಾಗೆ ಓಡುವ ಹೆಚ್ಚಿನ ಗಾಡಿಗಳು ಉರಿಯುವುದಿಲ್ಲ, ನಿಜ. ಆದರೆ ಸರಾಸರಿಯ ಭರವಸೆ ಹೇಳುವವನು ಆ ಸೀಟಿನ ಮೇಲೆ ಕೂರುವವನಲ್ಲ. ನಾನು ಓದಿದ ರೇಖೆಗಳೂ ಸುಳ್ಳಾಗಿರಲಿಲ್ಲ: ಗಾಡಿಗಳು ಹೆಚ್ಚುತ್ತಲೇ ಇದ್ದವು, ಬ್ಯಾಟರಿಗಳು ಉತ್ತಮಗೊಳ್ಳುತ್ತಲೇ ಇದ್ದವು. ಮುಚ್ಚಳ ತೆರೆಯುವ ಹಕ್ಕು ಯಾರದು, ಮಾರಿದವನು ಎದ್ದು ಹೋದ ಮೇಲೆ ಆ ಬೀಗ ಯಾರದು ಎಂಬುದಕ್ಕೆ ಮಾತ್ರ ಯಾವ ಬರಹದಲ್ಲೂ ಒಂದು ರೇಖೆ ಇರಲಿಲ್ಲ. ಇದನ್ನು ಮಾವನಿಗೆ ಹೇಳಬೇಕೆಂದುಕೊಂಡೆ. ಹೇಳಿ ಏನು ಮಾಡಲಿ?

ಮಾವ ಎದ್ದು ಸೀಟು ಎತ್ತಿದರು. ಎಂಟು ಸ್ಕ್ರೂ ಬಿಚ್ಚಿ, ತಾವೇ ಎರಡು ದಿನ ಅಲೆದು ತಂದಿದ್ದ ಹದಿನಾರನೆಯ ಸೆಲ್ಲನ್ನು ಹೊರತೆಗೆದರು. ಅದರ ಎರಡು ತುದಿಗಳಿಗೂ ಟೇಪು ಸುತ್ತಿ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ವಾರ್ನಿಷ್ ಡಬ್ಬಗಳ ಹಿಂದೆ ಸರಿಸಿದರು. ಸುಸ್ತಾದ ಹಳೆಯದು ಆಗಲೇ ಗುಜರಿ ಸೇರಿತ್ತು; ಅಂಥದ್ದು ಊರಲ್ಲಿ ಇನ್ನೊಂದಿಲ್ಲ. ಅದಿಲ್ಲದೆ ಬಸ್‌ಸ್ಟ್ಯಾಂಡಿನವನ ನೇರ ತಂತಿಯೂ ನಡೆಯದು.

“ಕೂಡ್ಸೋದೇ ಕೆಲ್ಸ ಮಾಡ್ಕೊಂಡು ಬಂದೆ. ಇವತ್ತು ಕತ್ತರಿಸಿದೆ ನೋಡಪ್ಪ” ಎಂದರು. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದರು. ಬಟ್ಟೆ ಅವರ ಹೆಗಲ ಮೇಲೇ ಇತ್ತು.

ಗಡುವು ಮುಗಿದ ಮರುದಿನ ಬೆಳಿಗ್ಗೆ ಡೀಸೆಲ್ ವ್ಯಾನು ಅಂಗಡಿಯ ಮುಂದೆಯೇ ಹಾದುಹೋಯಿತು. ಕಿಟಕಿಯ ಬದಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದವಳು ಕಾಲರ್ ಅಕ್ಕ. ಅವಳ ಪಕ್ಕದಲ್ಲಿ ತಂಗಿ. ಅದೇ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿಕೊಂಡಿದ್ದಳು. ಅವಳು ಅಂಗಡಿಯತ್ತ ತಿರುಗಲಿಲ್ಲ.

ಎರಡು ತಿಂಗಳು ಅಣ್ಣ ತಂಗಿಯ ನಡುವೆ ಮಾತಿರಲಿಲ್ಲ. ಆಮೇಲೊಂದು ರಜೆಯ ದಿನ ಅವಳು ತಾನಾಗಿಯೇ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಗಾಡಿ ಅಂಗಡಿಯ ಪಕ್ಕದಲ್ಲೇ ಇತ್ತು. ಮಾವ ಅದರ ಮೇಲೆ ಹಳೆಯ ಟಾರ್ಪಾಲು ಹೊದಿಸಿದ್ದರು. ತಿಂಗಳಿಗೊಮ್ಮೆ ಅದನ್ನು ಸರಿಸಿ ಸೆಲ್‌ಗಳನ್ನು ಅಳೆಯುತ್ತಾರೆ, ಪೆಟ್ಟಿಗೆಯೊಳಗಿನ ಹದಿನೈದನ್ನೂ ಡಬ್ಬದಲ್ಲಿರುವ ಒಂದನ್ನೂ. ಅಂಕಿಗಳನ್ನು ಗೋಡೆಗೆ ಏರಿಸುತ್ತಾರೆ. ಅಂದೂ ಅಳೆದು ಬರೆಯುತ್ತಿದ್ದರು.

ತಂಗಿ ಟಾರ್ಪಾಲು ಸರಿಸಿದ್ದ ಗಾಡಿಯತ್ತ ತಿರುಗಿದಳು.

“ಹೇಗಿದೆ?” ಎಂದಳು.

ಮಾವ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಗೋಡೆಯ ಅಂಕಿಗಳನ್ನು ಇನ್ನೊಮ್ಮೆ ಓದಿದರು.

“ಚೆನ್ನಾಗಿದೆ ಕಣಮ್ಮ,” ಎಂದರು. “ಎಲ್ಲಾ ಚೆನ್ನಾಗಿದೆ.”