ಕಚ್ಚಿ ನೋಡುವ ಅಡಿಕೆ

ಮೊದಲು ಬಂದದ್ದು ಹುಳಿತೇಗು. ಆಮೇಲೆ ಎದೆಯುರಿ. ನಾನು ಅನುಮಾನಪಟ್ಟದ್ದು ಹೆಂಡತಿ ಗಿರಿಜಾಳ ಸಾರಿನ ಮೇಲೆ. ಅವಳು ಖಾರ ಬಿಟ್ಟಳು, ಎಣ್ಣೆ ಬಿಟ್ಟಳು. ಉರಿ ನನ್ನನ್ನು ಬಿಡಲಿಲ್ಲ. ಆಗ ಚನ್ನಗಿರಿಯ ಡಾಕ್ಟರು ಕೊಟ್ಟ ಮಾತ್ರೆಯ ಮೇಲೆ ಅನುಮಾನ ಬಂತು, ಆಗಾಗ ಬಿಟ್ಟೂ ನೋಡಿದೆ. ಮಲಗಿದರೆ ಹುಳಿನೀರು ಗಂಟಲಿಗೆ ನುಗ್ಗುತ್ತಿತ್ತು. ಗೋಡೆಗೆ ಮೂರು ದಿಂಬು ಇಟ್ಟು, ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ.

ದಾವಣಗೆರೆಯಲ್ಲಿ ಎಂಡೋಸ್ಕೋಪಿ ಆಯಿತು. ಹಯಾಟಸ್ ಹರ್ನಿಯಾ, ಅಂದರೆ ಹೊಟ್ಟೆಯ ಮೇಲ್ಭಾಗ ಎದೆಗೂಡಿನೊಳಗೆ ಸರಿದಿದೆ ಅಂದರು.

ಆಪರೇಷನ್ ಮಾಡಬಹುದು ಅಂದರು.

ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುತ್ತಾರಂತೆ. ಸರ್ಜನ್ ಚಿತ್ರ ಬರೆದು ತೋರಿಸಿದರು. ಅವರ ನಯವಾದ ಮಾತೇ ನನಗೆ ಗುಮಾನಿ ತಂದಿತು. ಅಡಿಕೆ ವ್ಯಾಪಾರದಲ್ಲಿ ತಲೆ ನರೆತವನು ನಾನು, ನಯವಾಗಿ ಮಾತಾಡುವವರ ಚೀಲದ ತಳಕ್ಕೇ ಮೊದಲು ಕೈಹಾಕುತ್ತೇನೆ. ಆಮೇಲೆ ಊಟ ಇಳಿಯದಿದ್ದರೆ? ತೇಗು ಬರದೆ ಹೊಟ್ಟೆ ಉಬ್ಬಿದರೆ? ಕೆಲವರಿಗೆ ಹಾಗಾಗುವುದುಂಟು ಎಂದು ಅವರೇ ಹೇಳಿದರು. ಇಷ್ಟು ಬಿಚ್ಚಿ ಹೇಳುತ್ತಾರಲ್ಲ ಎಂದು ಅದಕ್ಕೂ ಅನುಮಾನಪಟ್ಟೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು.

"ಬೀಡಿ, ಕುಡಿತ, ಎಲೆ-ಅಡಿಕೆ?" ಸರ್ಜನ್ ಕೇಳಿದರು.

"ಯಾವ ಚಟಾನೂ ಇಲ್ಲ ಸಾರ್."

ಹೊಟ್ಟೆ ಒತ್ತಿ ನೋಡಲು ಮಲಗಿಸಿದರು. ಅಂಗಿಯ ಜೇಬಿನಿಂದ ನಾಲ್ಕಾರು ಅಡಿಕೆ ಉರುಳಿ ನೆಲಕ್ಕೆ ಬಿದ್ದವು.

"ಇದೇನ್ರೀ?"

"ಸ್ಯಾಂಪಲ್ ಸಾರ್. ಕಚ್ಚಿ ನೋಡಾಕೆ. ತಿನ್ನಾಕಲ್ಲ."

ಜೊತೆಗೆ ಬಂದಿದ್ದ ಗಿರಿಜಾ ಸುಮ್ಮನಿರಲಿಲ್ಲ. "ಅಂಗಡಿ ಬಾಗ್ಲು ತೆಗೆದಾಗಿಂದ ಹಾಕೋವರೆಗೂ ಕಚ್ಚಿ ನೋಡ್ತಾನೇ ಇರ್ತಾರೆ ಸಾರ್. ರಸ ಎಲ್ಲಾ ಒಳಗೇ ಹೋಗ್ತೈತೆ."

ಸರ್ಜನ್ ನಕ್ಕರು. ನನಗೆ ನಗು ಬರಲಿಲ್ಲ. ಮಾಲು ಪರೀಕ್ಷೆ ಮಾಡುವುದನ್ನು ನಮ್ಮ ಮಂಡಿಯಲ್ಲಿ ಯಾರೂ ಅಡಿಕೆ ತಿನ್ನುವುದು ಎನ್ನುವುದಿಲ್ಲ. ನಾನು ಸುಳ್ಳು ಹೇಳಿರಲಿಲ್ಲ.

"ಮೊದಲು ಇದನ್ನ ಬಿಡಿ, ಮಾತ್ರೆ ತಪ್ಪಿಸಬೇಡಿ," ಎಂದರು. "ಆಮೇಲೂ ಉರಿ ನಿಲ್ಲದಿದ್ರೆ ಆಪರೇಷನ್ ಮಾತಾಡೋಣ."

ಅಡಿಕೆ ಬಿಡುವುದು ಸಲೀಸಾಗಿರಲಿಲ್ಲ. ಒಣಗಿದ್ದೋ ಹಸಿಯೋ, ಹೊಸದೋ ಹಳೆಯದೋ, ನನಗೆ ಗೊತ್ತಾಗುತ್ತಿದ್ದದ್ದು ಹಲ್ಲಿಗೆ ಸಿಕ್ಕಾಗ. ಈಗ ಅಡಕತ್ತರಿಯಲ್ಲಿ ಕತ್ತರಿಸಿ ಕಣ್ಣಲ್ಲೇ ನೋಡಬೇಕು. ಮೊನ್ನೆ ಉಬ್ರಾಣಿಯ ರೈತ ಬಸಣ್ಣ ಚೀಲ ತಂದವನು ನನ್ನ ಬಾಯಿಯನ್ನೇ ನೋಡುತ್ತಾ ನಿಂತ.

"ಯಾಕ್ರೀ ಸಾವ್ಕಾರ್ರೆ, ಕಚ್ಚಲೇ ಇಲ್ಲ? ನನ್ ಮಾಲಿನ ಮೇಲೆ ಅನುಮಾನ ಏನ್ರೀ?"

ಅಡಿಕೆ ಆಗಲೇ ತುಟಿಯ ಹತ್ತಿರ ಬಂದಿತ್ತು. ಇಳಿಸಿ ಅವನ ಕೈಗೇ ಕೊಟ್ಟೆ.

"ನೀನೇ ಕಚ್ಚಿ ಹೇಳಪ್ಪ, ಹೆಂಗೈತೆ?"

"ಚೆನ್ನಾಗೈತ್ರೀ," ಎಂದ.

ಮಾರುವವನ ಮಾತು ನಂಬಿ ಮಾಲು ಹಿಡಿದದ್ದು ಅದೇ ಮೊದಲು. ಉರಿ ಪೂರ್ತಿ ಹೋಗಿಲ್ಲ, ಆಪರೇಷನ್ನೂ ತಪ್ಪಿತೆಂದು ಹೇಳಲಾರೆ. ಆದರೆ ಈಗ ಒಂದೇ ದಿಂಬು ಇಟ್ಟುಕೊಂಡು ಮಲಗುತ್ತೇನೆ.